ಹ್ರದದೇವಿಯರು ಮತ್ತು ಸೂತ್ರಪಾಠಭೇದ

ಜಲಾಶಯಕ್ಕೆ ಅಧಿದೇವತೆಯುಂಟೆಂಬ ಭಾವನೆ ಅನೇಕ ಪ್ರಾಚೀನ ಧರ್ಮಗಳಲ್ಲಿದೆ. ಜೈನ ಲೋಕವರ್ಣನೆಯಲ್ಲಿ ಷಟ್ಕುಲಪರ್ವತಗಳ ಹ್ರದಗಳಲ್ಲಿ ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿಯರು ವಾಸಿಸುತ್ತಾರೆ. ಶ್ರೀದೇವಿಯ ನೆಲೆಯಾದ ಪದ್ಮಹ್ರದ ಹಿಮವತ್ಪರ್ವತದ ಮೇಲಿದೆ; 1000 ಯೋಜನ ಉದ್ದ, 500 ಯೋಜನ ಅಗಲ, 10 ಯೋಜನ ಆಳ. ಗಂಗೆ, ಸಿಂಧು, ರೋಹಿತಾಸ್ಯೆಗಳ ಉಗಮ ಅದೇ.

ಈ ದೇವಿಯರನ್ನು ಹೆಸರಿಸುವ ಸೂತ್ರವು ತತ್ತ್ವಾರ್ಥಸೂತ್ರದ ದಿಗಂಬರಪಾಠದ ತೃತೀಯಾಧ್ಯಾಯದಲ್ಲಿದೆ. ಅಲ್ಲಿ ಸೂತ್ರಗಳು 39. ಶ್ವೇತಾಂಬರಪಾಠದಲ್ಲಿ ಕೇವಲ 18, ಈ ಸೂತ್ರ ಅವುಗಳಲ್ಲಿಲ್ಲ. ಇಷ್ಟರಿಂದಲೇ ಆ ಪರಂಪರೆಗೆ ಹ್ರದದೇವಿಯರು ಅಪರಿಚಿತರೆನ್ನುವುದು ಸಾಧುವಲ್ಲ. ಅದರ ಆಗಮವಾದ ಜಂಬುದ್ದೀವಪಣ್ಣತ್ತಿಯು ಪದ್ಮಹ್ರದವನ್ನೂ ಶ್ರೀದೇವಿಯನ್ನೂ ವರ್ಣಿಸುತ್ತದೆ. ಉಭಯತ್ರ ದೇವಿಯ ಆಯುಸ್ಸು ಒಂದು ಪಲ್ಯೋಪಮ, ಅವಳೂ ಸಂಸಾರಿಯೇ. ಭೇದವು ಸೂತ್ರಪಾಠದ್ದು, ಶ್ರದ್ಧೆಯದಲ್ಲ. ಆದುದರಿಂದ ಹಸ್ತಪ್ರತಿಯೊಂದರಲ್ಲಿ ಈ ಸೂತ್ರ ಕಾಣದಿದ್ದರೆ, ಲಿಪಿಕಾರನ ಲೋಪವೆಂದು ನಿರ್ಣಯಿಸುವ ಮುನ್ನ ಪ್ರತಿಯ ಪಾಠಪರಂಪರೆಯನ್ನು ಪರಿಶೀಲಿಸುವುದು ಅವಶ್ಯಕ.