ಧ್ವನಿಪುಸ್ತಕ ವಾಚನ

ಅಚ್ಚಾದ ಪುಸ್ತಕವೊಂದನ್ನು ಕೇಳುಗರಿಗಾಗಿ ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಕಲೆ. ಬಳಕೆಯಲ್ಲಿ ‘ಆಡಿಯೋ ಬುಕ್’ ಓದುವುದು ಎನ್ನುತ್ತಾರೆ. ರೇಡಿಯೋ ನಾಟಕದಲ್ಲಿ ಪಾತ್ರಕ್ಕೊಬ್ಬ ನಟ, ಜೊತೆಗೆ ಸಂಗೀತ, ಸದ್ದು ಎಲ್ಲವೂ ಇರುತ್ತವೆ. ಇಲ್ಲಿ ಸಾಮಾನ್ಯವಾಗಿ ಓದುವವರು ಒಬ್ಬರೇ; ಸಂಕ್ಷಿಪ್ತವಲ್ಲದ ಆವೃತ್ತಿಯಾದರೆ ಲೇಖಕರ ಒಂದು ಪದವನ್ನೂ ಬಿಡುವಂತಿಲ್ಲ, ಸೇರಿಸುವಂತಿಲ್ಲ. ವಾಚಕರ ಕೈಯಲ್ಲಿ ಉಳಿಯುವುದು ವೇಗ, ಒತ್ತು, ನಿಲುಗಡೆ ಮತ್ತು ದನಿಯ ಏರಿಳಿತ. ಇವನ್ನು ಎಷ್ಟು ಬಳಸಬೇಕು, ಎಷ್ಟು ತಡೆಹಿಡಿಯಬೇಕು ಎಂಬುದು ಪುಸ್ತಕದ ಪ್ರಕಾರವನ್ನು ಅವಲಂಬಿಸುತ್ತದೆ.

ಈ ಕಲೆ ಬೆಳೆದದ್ದು ಅಂಧರ ಓದಿಗಾಗಿ. ಅಮೆರಿಕದಲ್ಲಿ 1934ರಿಂದ ಗ್ರಾಮಫೋನ್ ತಟ್ಟೆಗಳ ಮೇಲೆ ‘ಮಾತನಾಡುವ ಪುಸ್ತಕ’ಗಳು ಬಂದವು, ತಟ್ಟೆಯ ಒಂದು ಬದಿಗೆ ಸುಮಾರು 15 ನಿಮಿಷದ ಓದು ಹಿಡಿಯುತ್ತಿತ್ತು. ನಟಿಸಿ ಓದಬೇಕೋ, ಸಪಾಟಾಗಿ ಓದಿ ಅರ್ಥ ಮಾಡಿಕೊಳ್ಳುವುದನ್ನು ಕೇಳುಗರಿಗೇ ಬಿಡಬೇಕೋ ಎಂಬ ವಾದ ಆಗಲೇ ಶುರುವಾಯಿತು, ಇನ್ನೂ ಮುಗಿದಿಲ್ಲ. 1952ರಲ್ಲಿ ನ್ಯೂಯಾರ್ಕಿನ ಕೇಡ್ಮನ್ ಸಂಸ್ಥೆ ಡಿಲನ್ ಥಾಮಸ್ ಅವರಿಂದಲೇ ಅವರ ಕೃತಿಗಳನ್ನು ಓದಿಸಿ ಮುದ್ರಿಸಿತು. ಕ್ಯಾಸೆಟ್ಟಿನ ಕಾಲ ದಾಟಿ, 1995ರಲ್ಲಿ ಸ್ಥಾಪನೆಯಾದ ಆಡಿಬಲ್‌ನಂಥ ಕಂಪನಿಗಳ ಮೂಲಕ ಇದು ದೊಡ್ಡ ಉದ್ಯಮವಾಯಿತು.

ಕಾದಂಬರಿಯಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಕಥೆ ಹೇಳುತ್ತಿರುವವರು ಯಾರು ಎಂಬುದನ್ನು. ಪಾತ್ರಗಳ ದನಿ ಆಮೇಲಿನ ಮಾತು. ಹ್ಯಾರಿ ಪಾಟರ್ ಸರಣಿಯ ಅಮೆರಿಕನ್ ಆವೃತ್ತಿಯನ್ನು ಓದಿದ ಜಿಮ್ ಡೇಲ್ ಐದನೆಯ ಪುಸ್ತಕದಲ್ಲಿ 134 ಪಾತ್ರಗಳಿಗೆ ದನಿ ಕೊಟ್ಟು ಗಿನ್ನೆಸ್ ದಾಖಲೆಗೆ ಸೇರಿದರು. ಆದರೆ ಎಲ್ಲ ಕಾದಂಬರಿಗೂ ಅಷ್ಟು ದನಿಗಳು ಬೇಕಿಲ್ಲ. ಗಂಡಸು ಹೆಣ್ಣಿನ ಮಾತನ್ನು ಓದುವಾಗ ಕೀರಲು ದನಿ ತೆಗೆದರೆ ಅಣಕವಾಗುತ್ತದೆ. ದನಿಯನ್ನು ತುಸು ಹಗುರ ಮಾಡಿ, ಮಾತಿನ ಲಯ ಬದಲಿಸಿದರೆ ಸಾಕು. ಪ್ರತಿ ಪಾತ್ರದ ದನಿಯ ತುಣುಕನ್ನು ಮುದ್ರಿಸಿಟ್ಟುಕೊಳ್ಳುವುದು ರೂಢಿ. ಇಲ್ಲದಿದ್ದರೆ ಮೂರನೆಯ ಅಧ್ಯಾಯದ ಮುದುಕ ಇಪ್ಪತ್ತನೆಯದರಲ್ಲಿ ತರುಣನಾಗಿಬಿಡುತ್ತಾನೆ. ಪುಸ್ತಕವನ್ನು ಪೂರ್ತಿ ಓದದೆ ಮೈಕಿನ ಮುಂದೆ ಕೂರುವುದೂ ಅಪಾಯವೇ: ನಾಯಕನಿಗೆ ಸ್ಕಾಟ್ಲೆಂಡಿನ ಉಚ್ಚಾರವಿದೆ ಎಂದು ಲೇಖಕರು ಕೊನೆಯ ಪುಟಗಳಲ್ಲಿ ಹೇಳಿದರೆ, ಮೊದಲಿಂದ ಮತ್ತೆ ಓದದೆ ವಿಧಿಯಿಲ್ಲ.

ಪತ್ತೇದಾರಿ ಕಥೆಯ ಕಷ್ಟ ಬೇರೆ. ಕೊಲೆಗಾರ ಯಾರೆಂದು ವಾಚಕರಿಗೆ ಗೊತ್ತು, ಅವರ ದನಿಗೆ ಮಾತ್ರ ಗೊತ್ತಿರಬಾರದು. ಬ್ರಿಟನ್ನಿನಲ್ಲಿ 1935ರಲ್ಲಿ ಅಂಧರಿಗಾಗಿ ಹೊರಬಂದ ಮೊದಲ ಪುಸ್ತಕಗಳಲ್ಲಿ ಒಂದು ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’. ಕಥೆ ಹೇಳುವ ವೈದ್ಯನ ಮೇಲಿನ ನಂಬಿಕೆಯೇ ಆ ಕೃತಿಯ ಜೀವಾಳ. (ಓದದವರ ಸಲುವಾಗಿ ಇಷ್ಟಕ್ಕೇ ನಿಲ್ಲಿಸಬೇಕು.) ಒಂದು ಅನವಶ್ಯಕ ನಿಲುಗಡೆ ಅಲ್ಲಿ ಗುಟ್ಟು ಬಿಟ್ಟುಕೊಡಬಲ್ಲದು.

ಪ್ರೇಮಕಾದಂಬರಿಗಳಲ್ಲಿ ನಾಯಕ, ನಾಯಕಿಯ ಅಧ್ಯಾಯಗಳನ್ನು ಇಬ್ಬರು ಹಂಚಿಕೊಂಡು ಓದುವುದುಂಟು. ಮಕ್ಕಳ ಪುಸ್ತಕಕ್ಕೆ ಮುದ್ದುಗರೆಯುವ ದನಿ ಬೇಕೆಂಬುದು ದೊಡ್ಡವರ ಭ್ರಮೆ. ಮಕ್ಕಳು ಕಥೆಯನ್ನು ಗಂಭೀರವಾಗಿಯೇ ಕೇಳುತ್ತಾರೆ.

ಇತಿಹಾಸ, ವಿಜ್ಞಾನದ ಪುಸ್ತಕಗಳಲ್ಲಿ ನಟನೆಗೆ ಜಾಗ ಕಡಿಮೆ, ವಾದದ ಎಳೆ ತಪ್ಪದಂತೆ ಒತ್ತು ಕೊಡುವುದೇ ಮುಖ್ಯ. ಹೊಸ ವಿಷಯ ಯಾವುದು, ಆಗಲೇ ಹೇಳಿದ್ದು ಯಾವುದು ಎಂಬುದು ಕಿವಿಗೆ ತಿಳಿಯಬೇಕು. ಅಡಿಟಿಪ್ಪಣಿ, ಕೋಷ್ಟಕ, ನಕ್ಷೆಗಳನ್ನು ಏನು ಮಾಡಬೇಕೆಂದು ಪ್ರಕಾಶಕರೊಡನೆ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ. ಆತ್ಮಕಥೆಗೆ ಮಾತ್ರ ಬರೆದವರ ದನಿಯೇ ಮೇಲು, ಉಚ್ಚಾರ ಅಷ್ಟು ನಯವಾಗಿಲ್ಲದಿದ್ದರೂ ಸರಿ. ಮಿಶೆಲ್ ಒಬಾಮಾ ತಾವೇ ಓದಿದ ‘ಬಿಕಮಿಂಗ್’ 2020ರಲ್ಲಿ ಗ್ರ್ಯಾಮಿ ಪಡೆಯಿತು.

ಇಂಗ್ಲಿಷಿನಲ್ಲಿ ಒಂದು ಗಂಟೆಯ ಸಿದ್ಧ ಧ್ವನಿಗೆ ಸುಮಾರು 9,300 ಪದಗಳ ಲೆಕ್ಕವಿದೆ. ಅದನ್ನು ಮುದ್ರಿಸಲು ಎರಡು ಗಂಟೆಯಾದರೂ ಬೇಕು. ತಿದ್ದುವ ಸಮಯ ಬೇರೆ. ತಪ್ಪಿದಾಗ ಕೆಲವು ಸೆಕೆಂಡು ಹಿಂದೆ ಸರಿದು, ತನ್ನದೇ ದನಿ ಕೇಳಿಸಿಕೊಂಡು, ಅದೇ ಲಯದಲ್ಲಿ ಮುಂದುವರಿಯುವ ಕ್ರಮಕ್ಕೆ ‘ಪಂಚ್ ಅಂಡ್ ರೋಲ್’ ಎನ್ನುತ್ತಾರೆ. ಬಾಯಿ ಒಣಗಿ ನಾಲಿಗೆ ಚಟಚಟ ಎನ್ನದಿರಲೆಂದು ಕೆಲವರು ಹುಳಿ ಸೇಬು ತಿನ್ನುತ್ತಾರೆ. 2023ರಲ್ಲಿ ಆ್ಯಪಲ್ ತಂದ ಯಾಂತ್ರಿಕ ವಾಚನದಲ್ಲೂ ಕಥೆ, ಪ್ರೇಮಕಾದಂಬರಿಗಳಿಗೆ ಒಂದು ಬಗೆಯ ದನಿ, ಕಥೇತರ ಪುಸ್ತಕಗಳಿಗೆ ಇನ್ನೊಂದು ಬಗೆಯದು ಇದ್ದವು.

ಕನ್ನಡದಲ್ಲಿ ಕಾವ್ಯವನ್ನು ಕಿವಿಗೆ ಮುಟ್ಟಿಸುವ ಗಮಕ ಬಹಳ ಹಳೆಯದು. ಆದರೆ ಅದು ರಾಗದ ಆಸರೆ ಪಡೆದದ್ದು, ಗದ್ಯ ವಾಚನಕ್ಕೆ ಆ ಆಸರೆಯಿಲ್ಲ. ಉದ್ದನೆಯ ಸಮಾಸಗಳಲ್ಲಿ ಉಸಿರು ಎಲ್ಲಿ ಎಳೆದುಕೊಳ್ಳಬೇಕು, ಮಹಾಪ್ರಾಣಗಳನ್ನು ಎಷ್ಟು ಒತ್ತಬೇಕು ಎಂಬವು ದಿನನಿತ್ಯದ ತೊಡಕುಗಳು. ಅವಕ್ಕಿಂತ ದೊಡ್ಡದು ಪ್ರಾದೇಶಿಕ ನುಡಿ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಹರಿಯುವ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಪಠ್ಯಪುಸ್ತಕದ ಉಚ್ಚಾರದಲ್ಲಿ ಓದಿದರೆ ಪದಗಳಷ್ಟೇ ಉಳಿಯುತ್ತವೆ. ಧಾರವಾಡದ ಕಥೆಗೆ ಮೈಸೂರಿನವರು ದನಿ ಕೊಡುವಾಗ, ಬಾರದ ಧಾಟಿಯನ್ನು ಅನುಕರಿಸುವ ಬದಲು ನಿರೂಪಣೆಯನ್ನು ತಮ್ಮ ಸಹಜ ದನಿಯಲ್ಲೇ ಇಟ್ಟು, ಆ ಸೀಮೆಯವರಿಂದ ಕೇಳಿ ಕಲಿತು ಸಂಭಾಷಣೆಯನ್ನಷ್ಟೇ ಅತ್ತ ವಾಲಿಸುವುದು ಲೇಸು.