ಹದಿಹರೆಯದ ಒತ್ತಡ: ಒಂದು ಹಿನ್ನೋಟ

ಹಾಸನ ಜಿಲ್ಲೆಯ ಸಣ್ಣ ಊರೊಂದರ ಪ್ರೌಢಶಾಲೆಯಲ್ಲಿ ನಾನು ಓದುತ್ತಿದ್ದಾಗ ‘ಒತ್ತಡ’ ಎಂಬುದು ವಿಜ್ಞಾನದ ಪಠ್ಯಪುಸ್ತಕಕ್ಕೆ ಸೇರಿದ ಪದವಾಗಿತ್ತು. ವಾಯುವಿನ ಒತ್ತಡ, ದ್ರವದ ಒತ್ತಡ ಎಂದು ಗುರುಗಳು ಬೋಧಿಸುತ್ತಿದ್ದರೇ ಹೊರತು, ಅದು ಮನುಷ್ಯನ ಮನಸ್ಸಿಗೂ ತಗಲುವುದೆಂದು ಯಾರೂ ಹೇಳಿದ್ದಿಲ್ಲ. ಇಂದು ಈ ಪದ ನಮ್ಮ ಮನೆಮನೆಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿಯಷ್ಟೇ ಪರಿಚಿತವಾಗಿದೆ. ಎರಡು ವರ್ಷಗಳಿಗೊಮ್ಮೆ ಸಮ್ಮೇಳನದಲ್ಲಿ ಸಂಧಿಸುವ ನಾವು ಒಬ್ಬರನ್ನೊಬ್ಬರು ಕುಶಲ ಕೇಳಿದ ಮರುಕ್ಷಣವೇ ‘ಮಗ ಯಾವ ಕಾಲೇಜು?’ ಎಂದು ವಿಚಾರಿಸುತ್ತೇವೆ. ಪಕ್ಕದಲ್ಲಿ ನಿಂತ ಹುಡುಗ ನೆಲ ನೋಡುತ್ತಾನೆ. ಆ ಒಂದು ಪ್ರಶ್ನೆಯ ಹಿಂದಿರುವ ಚರಿತ್ರೆಯನ್ನು ಸ್ಥೂಲವಾಗಿ ಅವಲೋಕಿಸುವುದಷ್ಟೇ ಈ ಲೇಖನದ ಉದ್ದೇಶ. ನಾನು ಮನಶ್ಶಾಸ್ತ್ರಜ್ಞೆಯಲ್ಲ, ಇತಿಹಾಸವನ್ನು ಐಚ್ಛಿಕವಾಗಿ ಓದಿದ ಬಿ.ಎ. ಪದವೀಧರೆ, ಗೃಹಿಣಿ, ಒಬ್ಬಳು ಮಗಳ ತಾಯಿ.

ಹದಿಹರೆಯವನ್ನು ಪ್ರತ್ಯೇಕ ಅಧ್ಯಯನದ ವಿಷಯವಾಗಿಸಿದವರಲ್ಲಿ ಮೊದಲಿಗರು ಮ್ಯಾಸಚೂಸೆಟ್ಸಿನ ಕ್ಲಾರ್ಕ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜಿ. ಸ್ಟ್ಯಾನ್ಲಿ ಹಾಲ್. 1904ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಈ ವಯಸ್ಸು ಸ್ವಭಾವತಃ ಬಿರುಗಾಳಿಯ ವಯಸ್ಸು ಎಂದು ಪ್ರತಿಪಾದಿಸಿದರು. ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದ್ದ ಮಾರ್ಗರೆಟ್ ಮೀಡ್ ಇದನ್ನು ಒಪ್ಪಲಿಲ್ಲ. ಸಮೋವಾ ದ್ವೀಪದ ಹುಡುಗಿಯರನ್ನು ಕುರಿತ ತಮ್ಮ 1928ರ ಪುಸ್ತಕದಲ್ಲಿ, ಬಿರುಗಾಳಿ ಏಳುವುದು ವಯಸ್ಸಿನಿಂದಲ್ಲ, ಸುತ್ತಲಿನ ಸಮಾಜದಿಂದ ಎಂದು ಅವರು ವಾದಿಸಿದರು. ಮೀಡ್ ಅವರ ಸಮೋವಾ ವಿವರಗಳನ್ನು ಮುಂದೆ 1983ರಲ್ಲಿ ಡೆರೆಕ್ ಫ್ರೀಮನ್ ಕಟುವಾಗಿ ಪ್ರಶ್ನಿಸಿದರೂ, ಅವರು ಎತ್ತಿದ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಈ ನಡುವೆ 1936ರಲ್ಲಿ ಮಾಂಟ್ರಿಯಲ್ ನಗರದ ಹ್ಯಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ‘ನೇಚರ್’ ಪತ್ರಿಕೆಗೆ ಬರೆದರು. ಚಳಿಯಾಗಲಿ, ಗಾಯವಾಗಲಿ, ಮಿತಿಮೀರಿದ ದಣಿವಾಗಲಿ, ದೇಹದ ಪ್ರತಿಕ್ರಿಯೆ ಒಂದೇ ಬಗೆಯದು: ಅಡ್ರಿನಲ್ ಗ್ರಂಥಿ ಹಿಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಲೋಹ ಮತ್ತು ಸೇತುವೆಗಳ ಲೆಕ್ಕಾಚಾರದಲ್ಲಿದ್ದ ‘ಸ್ಟ್ರೆಸ್’ ಎಂಬ ಪದವನ್ನು ದೇಹಕ್ಕೆ ಅನ್ವಯಿಸಿ ಪ್ರಚಾರಕ್ಕೆ ತಂದವರೂ ಇವರೇ. ಜಠರದ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ಪರೀಕ್ಷೆಯ ಕಥೆ. ಕಾಲೇಜು ಪ್ರವೇಶಕ್ಕೆ ಏಕರೂಪದ ಪರೀಕ್ಷೆಗಳನ್ನು ಏರ್ಪಡಿಸಲು 1900ರಲ್ಲಿ ಕಾಲೇಜ್ ಬೋರ್ಡ್ ಸ್ಥಾಪನೆಯಾಯಿತು. ಮರುವರ್ಷ ಜೂನ್ ತಿಂಗಳಿನಲ್ಲಿ ಪರೀಕ್ಷೆಗೆ ಕುಳಿತವರು ಒಂದು ಸಾವಿರಕ್ಕೂ ಕಡಿಮೆ. 1926ರ ಜೂನ್ 23ರಂದು ಮೊದಲ ಎಸ್.ಎ.ಟಿ. ನಡೆದಾಗ ಸುಮಾರು 8,000 ಮಂದಿ ಬರೆದರು. ಅದನ್ನು ರೂಪಿಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಾರ್ಲ್ ಬ್ರಿಗಮ್. ಇದೇ ಮಹಾಶಯರು 1923ರಲ್ಲಿ, ವಲಸೆ ಬಂದ ಕೆಲವು ಜನಾಂಗಗಳ ಬುದ್ಧಿಶಕ್ತಿ ಕೆಳಮಟ್ಟದ್ದೆಂದು ಒಂದು ಪುಸ್ತಕ ಬರೆದಿದ್ದರು; 1930ರಲ್ಲಿ ಆ ತೀರ್ಮಾನ ತಪ್ಪೆಂದು ತಾವೇ ಒಪ್ಪಿಕೊಂಡರು. ಅವರ ಪರೀಕ್ಷೆಯೇ ಮುಂದೆ ವಲಸೆಗಾರರ ಮಕ್ಕಳು ಹತ್ತುವ ಏಣಿಯಾದದ್ದು ಕಾಲದ ವಿನೋದವೆನ್ನಬೇಕು.

ನಮ್ಮವರಿಗೆ ಈ ದೇಶದ ಬಾಗಿಲು ತೆರೆದದ್ದೂ ಓದಿನ ಬಲದಿಂದಲೇ. 1946ರ ಕಾನೂನಿನ ಪ್ರಕಾರ ವರ್ಷಕ್ಕೆ ಕೇವಲ 100 ಭಾರತೀಯರಿಗೆ ವಲಸೆಯ ಅವಕಾಶವಿತ್ತು. 1965ರ ಅಕ್ಟೋಬರ್ 3ರಂದು, ನಮ್ಮ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬಳಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾಯಿದೆ ಆ ಮಿತಿಯನ್ನು ಕಿತ್ತೊಗೆದು, ವೃತ್ತಿಶಿಕ್ಷಣ ಪಡೆದವರಿಗೆ ಪ್ರಾಶಸ್ತ್ಯ ನೀಡಿತು. ಅಂದರೆ ಲಕ್ಷಾಂತರ ಜನರಲ್ಲಿ ಪರೀಕ್ಷೆಗಳನ್ನು ಗೆದ್ದ ಕೆಲವರನ್ನಷ್ಟೇ ಸೋಸಿ ಇಲ್ಲಿಗೆ ಕರೆತಂದಂತಾಯಿತು. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಬಳಿಕ ಎಂಜಿನಿಯರಿಂಗ್ ಅಥವಾ ವೈದ್ಯಕೀಯ, ಆಮೇಲೆ ವೀಸಾ! ಅಂಕಗಳಿಂದಲೇ ಬದುಕು ಕಟ್ಟಿಕೊಂಡವರಿಗೆ ಅಂಕಗಳಲ್ಲಿ ಭಕ್ತಿ ಇರುವುದು ಸಹಜವೇ. ಆದರೆ ನಮಗೆ ದೋಣಿಯಾಗಿದ್ದದ್ದು ದಡದಲ್ಲೇ ಹುಟ್ಟಿದ ಮಕ್ಕಳ ತಲೆಯ ಮೇಲಿನ ಹೊರೆಯಾಗಬಹುದೆಂಬುದು ನಮಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಹಾಗೆಂದು ಮಕ್ಕಳ ಕಷ್ಟವೆಲ್ಲ ಪುಸ್ತಕದ್ದೇ ಎಂದಲ್ಲ. 1987ರಲ್ಲಿ ಜರ್ಸಿ ಸಿಟಿಯಲ್ಲಿ ‘ಡಾಟ್‌ಬಸ್ಟರ್ಸ್’ ಎಂದು ಕರೆದುಕೊಂಡ ಗುಂಪು ಭಾರತೀಯರ ಮೇಲೆ ಹಗೆ ಸಾರಿತ್ತು. ಅದೇ ಸೆಪ್ಟೆಂಬರಿನಲ್ಲಿ ಹೊಬೊಕನ್ ನಗರದಲ್ಲಿ ನವ್ರೋಜ್ ಮೋದಿ ಎಂಬ ತರುಣ ಪೆಟ್ಟು ತಿಂದು ಅಸುನೀಗಿದರು. ಆಗ ಇಲ್ಲಿ ಬೆಳೆದವರು ತಾಯಂದಿರ ಹಣೆಯ ಕುಂಕುಮ ಕಂಡು ಬೀದಿಯಲ್ಲಿ ಹೆದರಿದ್ದನ್ನು ಇಂದಿಗೂ ಹೇಳುತ್ತಾರೆ. ಅದು ಬೇರೆಯೇ ಲೇಖನಕ್ಕೆ ವಸ್ತು.

ನಾನು ಮುಖ್ಯವಾಗಿ ಹೇಳಬೇಕಾದದ್ದು 2015ರ ಸಂಗತಿ. ಪ್ರಿನ್ಸ್‌ಟನ್ ನೆರೆಯ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊ ಶಾಲಾ ಜಿಲ್ಲೆಯಲ್ಲಿ ಆಗ ಸುಮಾರು 9,700 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಶೇಕಡಾ 65ರಷ್ಟು ಏಷ್ಯನ್ ಮೂಲದವರು, ಭಾರತೀಯರು ಧಾರಾಳವಾಗಿದ್ದರು. ಆ ವರ್ಷ ಅಲ್ಲಿನ ಸೂಪರಿಂಟೆಂಡೆಂಟ್ ಡೇವಿಡ್ ಆಡರ್‌ಹೋಲ್ಡ್ ಪೋಷಕರಿಗೆ 16 ಪುಟಗಳ ಪತ್ರ ಬರೆದರು. ಹಿಂದಿನ ಶಾಲಾವರ್ಷದಲ್ಲಿ ಮಿಡ್ಲ್ ಸ್ಕೂಲ್ ಮತ್ತು ಹೈಸ್ಕೂಲಿನ 120 ಮಕ್ಕಳನ್ನು ಮಾನಸಿಕ ಆರೋಗ್ಯದ ಪರೀಕ್ಷೆಗೆ ಕಳುಹಿಸಬೇಕಾಯಿತು, 40 ಮಂದಿ ಆಸ್ಪತ್ರೆ ಸೇರಿದರು ಎಂಬುದು ಅದರ ತಿರುಳು. ಹೈಸ್ಕೂಲಿನ ಮಧ್ಯಾವಧಿ ಮತ್ತು ಅಂತಿಮ ಪರೀಕ್ಷೆಗಳು ರದ್ದಾದವು. ಮನೆಗೆಲಸವಿಲ್ಲದ ರಾತ್ರಿಗಳು ಬಂದವು. ಪುಟ್ಟ ಮಕ್ಕಳ ಮುಂಗಡ ಗಣಿತ ತರಗತಿ ಮೊಟಕುಗೊಂಡಿತು. ಪೋಷಕರು ಎರಡು ಬಣವಾದರು. ಏಷ್ಯನ್ ಮೂಲದ ಹಲವರು ವಿರೋಧಿಸಿದರು, ಬಿಳಿಯರಲ್ಲಿ ಹೆಚ್ಚಿನವರು ಬೆಂಬಲಿಸಿದರು. ವರ್ಷಾಂತ್ಯದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಈ ಜಗಳವನ್ನು ದೇಶಕ್ಕೆಲ್ಲ ತಿಳಿಸಿತು.

ನಾವಿದ್ದದ್ದು ಬೇರೆ ಊರಿನಲ್ಲಿ. ಆದರೂ ನಾನು ಗೆಳತಿಯರೊಂದಿಗೆ ದೂರವಾಣಿಯಲ್ಲಿ ಗಂಟೆಗಟ್ಟಲೆ ವಿರೋಧಿ ಬಣದ ಪರವಾಗಿ ವಾದಿಸಿದೆ. ಓದಿನ ಮಟ್ಟ ಕುಸಿದರೆ ನಮ್ಮ ಮಕ್ಕಳಿಗೆ ಇಲ್ಲಿ ಬೇರೆ ಆಸರೆ ಏನಿದೆ ಎಂಬುದು ನನ್ನ ತರ್ಕ. ಆ ತರ್ಕದಲ್ಲಿ ಹುರುಳಿಲ್ಲವೆಂದು ಈಗಲೂ ಹೇಳಲಾರೆ. ಆದರೆ ನಾನು ವಾದಿಸುತ್ತಿದ್ದ ಅದೇ ಚಳಿಗಾಲದಲ್ಲಿ ಹತ್ತನೆಯ ತರಗತಿಯಲ್ಲಿದ್ದ ನನ್ನ ಮಗಳಿಗೆ ಪ್ರತಿ ಭಾನುವಾರ ಸಂಜೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ನಾನು ಓಮದ ಕಷಾಯ ಕುಡಿಸಿದೆ, ಮೆಂತ್ಯ ನುಂಗಿಸಿದೆ, ಹೊರಗಿನ ಪಿಟ್ಜಾವನ್ನು ಬೈದೆ. ವೈದ್ಯರು ಪರೀಕ್ಷಿಸಿ ದೇಹದಲ್ಲಿ ದೋಷವಿಲ್ಲವೆಂದು ಹೇಳಿ, ‘ರಾತ್ರಿ ಎಷ್ಟು ಹೊತ್ತು ಮಲಗುತ್ತಾಳೆ?’ ಎಂದು ಕೇಳಿದರು. ಐದು ಗಂಟೆ ಎಂದಳು ಅವಳು. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಅಗತ್ಯ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುವುದರಿಂದ ಬೇಗ ಮಲಗೆಂದರೂ ನಿದ್ರೆ ಬರದು. ಮಕ್ಕಳ ವೈದ್ಯರ ಅಮೆರಿಕನ್ ಅಕಾಡೆಮಿ 2014ರಲ್ಲಿಯೇ ಈ ವಯಸ್ಸಿನವರ ಶಾಲೆಗಳು ಬೆಳಿಗ್ಗೆ ಎಂಟೂವರೆಗಿಂತ ಮೊದಲು ತೆರೆಯಬಾರದೆಂದು ಸೂಚಿಸಿತ್ತು. ಇವೆಲ್ಲ ನಾನು ಆಮೇಲೆ ಓದಿ ತಿಳಿದದ್ದು.

2021ರ ಡಿಸೆಂಬರಿನಲ್ಲಿ ತರುಣರ ಮಾನಸಿಕ ಆರೋಗ್ಯ ಕುರಿತು ಇಡೀ ದೇಶಕ್ಕೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿದ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿಯವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಅವರು ಆ ಹುದ್ದೆಗೇರಿದಾಗ ನಾವು ಸಿಹಿ ಹಂಚಿದೆವು. ಅವರ ಪ್ರಕಟಣೆಯನ್ನು ಓದಿದವರೆಷ್ಟು ಮಂದಿಯೋ! 2024ರಲ್ಲಿ ಅವರು ಪೋಷಕರ ಒತ್ತಡ ಕುರಿತೂ ಇನ್ನೊಂದನ್ನು ಹೊರಡಿಸಿದರು. ಎರಡನ್ನೂ ಒಟ್ಟಿಗೆ ಓದುವುದು ಮೇಲು.

1984ರಲ್ಲಿ ನಮ್ಮೂರಿಗೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಪತ್ರಿಕೆ ಬಂದ ದಿನ ದೊಡ್ಡಪ್ಪನ ಮಗನ ಸಂಖ್ಯೆ ಅದರಲ್ಲಿರಲಿಲ್ಲ. ಅವನು ಆ ರಾತ್ರಿಯೆಲ್ಲ ತೋಟದ ಪಂಪ್‌ಮನೆಯಲ್ಲಿ ಕುಳಿತಿದ್ದ. ಹುಡುಕಲು ಹೋದ ಹಿರಿಯರು ಬೆಳಗಿನ ಜಾವ ಅವನನ್ನು ಕರೆತಂದು, ಕಾಫಿ ಕೊಟ್ಟು, ಮಾತೆತ್ತದೆ ಮಲಗಿಸಿದರು. ಏನಾಗಿತ್ತೆಂದು ಯಾರೂ ಹೆಸರಿಟ್ಟು ಹೇಳಲಿಲ್ಲ. ಮನೆಯಲ್ಲಿ ಮತ್ತೆಂದೂ ಆ ಪ್ರಸ್ತಾಪ ಬರಲಿಲ್ಲ. ಮಗಳಿಗೆ ಹತ್ತೊಂಬತ್ತು ತುಂಬಿದ ಮೇಲೆ, ಅವಳು ಕಾಲೇಜಿನಿಂದ ರಜೆಗೆ ಬಂದಿದ್ದಾಗ, ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಇದನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಅಮ್ಮಾ, ಇದನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಏಕೆ ಹೇಳಲಿಲ್ಲ?’ ಎಂದಳು. ನಾನು ಸೊಪ್ಪು ತೊಳೆಯಲು ಎದ್ದೆ.