ಚತುರಂಗ ಕ್ರೀಡೆ ಮತ್ತು ಕಲ್ಯಾಣದ ಮೂರನೆಯ ಸೋಮೇಶ್ವರ

ಬೀದರ ಜಿಲ್ಲೆಯ ಬಸವಕಲ್ಯಾಣವು ಶರಣರ ಕಾರ್ಯಕ್ಷೇತ್ರವೆಂದು ನಾಡಿನಾದ್ಯಂತ ಪರಿಚಿತವಾಗಿದೆ. ಬಸವಣ್ಣನವರ ಕಾಲಕ್ಕಿಂತ ತುಸು ಮುಂಚೆ ಇದೇ ಪಟ್ಟಣದಿಂದ ಆಳಿದ ಅರಸನೊಬ್ಬನು ಚದುರಂಗದಾಟವನ್ನು ಶಾಸ್ತ್ರವಾಗಿ ಬರೆದಿಟ್ಟ ಸಂಗತಿ ಅಷ್ಟಾಗಿ ತಿಳಿದಿಲ್ಲ.

ಆತನೇ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗನಾದ ಈತನು ಕ್ರಿ.ಶ. 1126ರಿಂದ 1138ರವರೆಗೆ ಆಳಿದನು. ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳು ಈತನಿಗಿದ್ದವು. ತಂದೆಯಂತೆ ಯುದ್ಧಗಳಿಂದ ಹೆಸರಾಗದಿದ್ದರೂ ಗ್ರಂಥರಚನೆಯಲ್ಲಿ ತಂದೆಯನ್ನು ಮೀರಿಸಿದನೆಂದೇ ಹೇಳಬೇಕು.

ಈತನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಹೆಸರೂ ಇದೆ. ತಲಾ 20 ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು 100 ಅಧ್ಯಾಯಗಳು. ರಾಜನೀತಿ, ಅಡುಗೆ, ಸಂಗೀತ, ಚಿತ್ರಕಲೆ, ಆನೆಗಳ ಪಾಲನೆ ಎಲ್ಲವೂ ಇದರಲ್ಲಿ ಅಡಕವಾಗಿವೆ. ಕ್ರೀಡೆಗಳಿಗೆ ಮೀಸಲಾದ ಐದನೆಯ ವಿಂಶತಿಯಲ್ಲಿ ಚತುರಂಗವನ್ನು ಕುರಿತು ಅರವತ್ತಕ್ಕೂ ಹೆಚ್ಚು ಶ್ಲೋಕಗಳಿವೆ. ಅಂದು ಪಂದ್ಯಾವಳಿಗಳಾಗಲಿ ಚಾಂಪಿಯನ್ ಪಟ್ಟವಾಗಲಿ ಇರಲಿಲ್ಲ. ಆದುದರಿಂದ ಈತನ ಹಿರಿಮೆಯನ್ನು ಗೆಲುವುಗಳಿಂದಲ್ಲ, ಈ ಬರಹದಿಂದಲೇ ಅಳೆಯತಕ್ಕದ್ದು.

ಇಂದಿನ ಆಟಗಾರರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪ್ರಾಚೀನ ಚತುರಂಗದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ಸಾಗುತ್ತಿದ್ದನು. ಆ ಕಾಯಿ ಇಂದಿನ ರಾಣಿಯಷ್ಟು ಬಲ ಪಡೆದದ್ದು 15ನೆಯ ಶತಮಾನದ ಕೊನೆಯಲ್ಲಿ, ಯುರೋಪಿನಲ್ಲಿ.

ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯು ‘ಮಾನಸೋಲ್ಲಾಸ’ವನ್ನು 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿತು. ಹಾಗಿದ್ದರೂ ಚದುರಂಗದ ಇತಿಹಾಸಕಾರರು ಈ ಭಾಗವನ್ನು ಬಹುಕಾಲ ಗಮನಿಸಲಿಲ್ಲ. 1996ರಲ್ಲಿ ವಿದ್ವಾಂಸ ಆಂದ್ರೆಯಾಸ್ ಬೋಕ್-ರಾಮಿಂಗ್ ಅವರು ಜರ್ಮನ್ ಭಾಷೆಯಲ್ಲಿ ಇದರ ಅಧ್ಯಯನವನ್ನು ಪ್ರಕಟಿಸಿದರು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಪಠ್ಯದ ಮಹತ್ವವನ್ನು ಜರ್ಮನ್ ಓದುಗರು ಮೊದಲು ಅರಿತದ್ದು ವಿಷಾದದ ಸಂಗತಿಯೇ ಸರಿ. ಕರ್ನಾಟಕದ ಅರಸರಲ್ಲಿ ಈ ಆಸಕ್ತಿ ಮುಂದೆ ಎದ್ದು ಕಾಣುವುದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಲ್ಲಿ (1794–1868). ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ಬಂಧಗಳನ್ನು ಅವರು ರಚಿಸಿದ್ದಾರೆ. ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದೂ ಮೈಸೂರಿನಿಂದಲೇ, 2017ರಲ್ಲಿ, ಎಂ.ಎಸ್. ತೇಜ್‌ಕುಮಾರ್ ಅವರ ಮೂಲಕ.

ಬಸವಕಲ್ಯಾಣದ ಕೋಟೆಯು ನಂತರದ ಅರಸರ ಕಾಲದಲ್ಲಿ ಬಹಳಷ್ಟು ಮಾರ್ಪಾಡಾಗಿದೆ. ಚಾಲುಕ್ಯರ ಕಾಲದ ಶಿಲ್ಪವನ್ನು ನೋಡಬಯಸುವವರು ಸಮೀಪದ ನಾರಾಯಣಪುರದ ಶಿವಾಲಯಕ್ಕೂ ಹುಮನಾಬಾದ್ ತಾಲೂಕಿನ ಜಲಸಂಗಿಗೂ ಭೇಟಿ ನೀಡಬಹುದು. ಜಲಸಂಗಿಯ ದೇವಾಲಯದಲ್ಲಿ ಸೋಮೇಶ್ವರನ ತಂದೆಯಾದ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. 2017ರಲ್ಲಿ ಆರಂಭವಾದ ಬೀದರ–ಕಲಬುರಗಿ ರೈಲು ಮಾರ್ಗವು ಹುಮನಾಬಾದ್ ಮೂಲಕ ಹಾದುಹೋಗುತ್ತದೆ.